ಮಕ್ಕಿಯ ಚುಕ್ಕೆ, ಬೈಲಿನ ಬೆಂಕಿ: ಭತ್ತದ ಎಲೆ ಶತ್ರುವಿನ ಗುರುತು ಹಿಡಿದ ಒಂದು ಪ್ರಕರಣ

ಸೆಪ್ಟೆಂಬರ್ ಮೊದಲ ವಾರ, ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ. ಬೆಳಿಗ್ಗೆ ಒಂಬತ್ತಾದರೂ ಮಂಜು ಬಿಟ್ಟಿರಲಿಲ್ಲ, ಜಿಟಿಜಿಟಿ ಮಳೆ ನಿಂತೂ ನಿಲ್ಲದ ಹಾಗಿತ್ತು. ಹಿಂದಿನ ರಾತ್ರಿ ಗೌಡರು ಫೋನಿನಲ್ಲಿ ಹೇಳಿದ್ದು ಇಷ್ಟು: "ಸಾರ್, ಬೈಲಿಗೆ ಬಿದ್ದ ಬೆಂಕಿ ಈಗ ಮಕ್ಕಿಗೂ ಹತ್ತಿದೆ. ಎರಡಕ್ಕೂ ಒಟ್ಟಿಗೇ ಔಷಧಿ ಹೊಡೀಬೇಕು. ಆಳಿಗೆ ಹೇಳಿ ಆಗಿದೆ. ನೀವು ಬಂದು ಒಂದು ಸಲ ನೋಡಿ."

ಭತ್ತ ಬೆಳೆಯುವವರಿಗೆ ಬೆಂಕಿ ರೋಗದ ಪರಿಚಯ ಬೇಕಿಲ್ಲ. ಗದ್ದೆಯಿಂದ ದೂರ ಇರುವವರಿಗಾಗಿ ಒಂದು ಮಾತು. ಇದು ಮ್ಯಾಗ್ನಪೋರ್ತೆ ಒರೈಝೆ ಎಂಬ ಶಿಲೀಂಧ್ರದಿಂದ ಬರುವ ರೋಗ. ಎಲೆಗೆ ಬಿದ್ದರೆ ಎಲೆ ಸುಟ್ಟ ಹಾಗೆ ಕಾಣುತ್ತದೆ. ತೆನೆಯ ಕುತ್ತಿಗೆಗೆ ಬಿದ್ದರೆ ಕಾಳು ಕಟ್ಟುವ ಮೊದಲೇ ತೆನೆ ಬಿಳಿಚಿ ಜಳ್ಳಾಗುತ್ತದೆ. ಬಯಲುಸೀಮೆಯ ರಾಗಿಗೆ ಬೀಳುವ ಬೆಂಕಿ ರೋಗವೂ ಇದೇ ಜಾತಿಯ ಶಿಲೀಂಧ್ರದ ಇನ್ನೊಂದು ಕವಲು. 2016ರಲ್ಲಿ ಬಾಂಗ್ಲಾದೇಶದ ಗೋಧಿ ಹೊಲಗಳನ್ನು ಹಾಳು ಮಾಡಿದ್ದೂ ಇದರದೇ ಮತ್ತೊಂದು ಕವಲು.

ಗೌಡರ ಮಕ್ಕಿ ಗದ್ದೆ ಗುಡ್ಡದ ಇಳಿಜಾರಿನಲ್ಲಿದೆ, ಮಳೆನೀರೇ ಆಧಾರ. ಬೈಲು ಅದರ ಕೆಳಗೆ, ಅಡಿಕೆ ತೋಟದ ಮಗ್ಗುಲಲ್ಲಿ. ನಡುವೆ ಇರುವುದು ಒಂದು ಕಂಟ, ಅಂದರೆ ಬದು ಮಾತ್ರ. ಎರಡರಲ್ಲೂ ಬೇರೆ ಬೇರೆ ತಳಿ. ಮಕ್ಕಿಯಲ್ಲಿ ಅವರ ಅಪ್ಪನ ಕಾಲದಿಂದ ಮನೆಯಲ್ಲೇ ಬೀಜ ತೆಗೆದಿಟ್ಟು ಬೆಳೆಯುತ್ತಿದ್ದದ್ದು, ಬೈಲಿನಲ್ಲಿ ಎರಡು ವರ್ಷದಿಂದ ಹೊರಗಿನಿಂದ ತಂದ ಹೆಚ್ಚು ಇಳುವರಿಯದ್ದು.

ನಾನು ಎರಡೂ ಗದ್ದೆಯಿಂದ ಒಂದೊಂದು ಎಲೆ ಕಿತ್ತು ಅಂಗೈ ಮೇಲೆ ಅಕ್ಕಪಕ್ಕ ಇಟ್ಟೆ. ಬೈಲಿನ ಎಲೆಯಲ್ಲಿ ಅನುಮಾನವೇ ಇರಲಿಲ್ಲ. ಎರಡು ತುದಿ ಚೂಪಾಗಿ ನಡುವೆ ಉಬ್ಬಿದ, ಕಣ್ಣಿನ ಆಕಾರದ ಮಚ್ಚೆಗಳು. ಅಂಚು ಕಂದು, ನಡುಭಾಗ ಬೂದಿ ಬಣ್ಣ. ಕೆಲವು ಒಂದಕ್ಕೊಂದು ಕೂಡಿಕೊಂಡು ಎಲೆಯ ತುದಿಯೇ ಒಣಗಿತ್ತು. ಮಕ್ಕಿಯ ಎಲೆಯಲ್ಲಿ ಇದ್ದದ್ದು ಗುಂಡುಸೂಜಿಯ ತಲೆಯಷ್ಟು ಸಣ್ಣ ಗಾಢ ಕಂದು ಚುಕ್ಕೆಗಳು. ಒಂದೊಂದು ಎಲೆಯಲ್ಲಿ ಇಪ್ಪತ್ತು, ಮೂವತ್ತು. ನಡುವೆ ಬೂದಿ ಬಣ್ಣ ಇಲ್ಲ, ಸುತ್ತ ಹಳದಿ ಉಂಗುರವೂ ಇಲ್ಲ. ಹಳದಿ ಉಂಗುರ ಇದ್ದು, ಚುಕ್ಕೆ ಎಳ್ಳಿನ ಆಕಾರದಲ್ಲಿದ್ದರೆ ಅದು ಕಂದು ಚುಕ್ಕೆ ರೋಗ, ಬೇರೆಯದೇ ಶಿಲೀಂಧ್ರದ್ದು.

"ಬೈಲಿಗೂ ಮೊದಲು ಹೀಗೇ ಚುಕ್ಕೆ ಬಂತು ಸಾರ್. ಎಂಟೇ ದಿನದಲ್ಲಿ ಈ ಗತಿ. ಇದೂ ನಾಳೆ ಹಾಗೇ ಆಗ್ತದೆ" ಅಂದರು ಗೌಡರು. ಅವರ ಲೆಕ್ಕ ಸರಿಯಾಗಿಯೇ ಇತ್ತು. ರೋಗ ಸಣ್ಣ ಚುಕ್ಕೆಯಿಂದಲೇ ಶುರುವಾಗುವುದು ನಿಜ. ಆದರೆ ಮಕ್ಕಿಯ ಚುಕ್ಕೆಗಳು ನಿನ್ನೆ ಮೊನ್ನೆಯವಲ್ಲ. ಹಳೆಯ, ಕೆಳಗಿನ ಎಲೆಗಳಲ್ಲೂ ಅಷ್ಟೇ ಗಾತ್ರದಲ್ಲಿ ನಿಂತುಬಿಟ್ಟಿದ್ದವು. ಬೆಳೆಯಬೇಕಿದ್ದ ಚುಕ್ಕೆ ಯಾಕೆ ಬೆಳೆಯಲಿಲ್ಲ ಎಂಬುದೇ ಈ ಪ್ರಕರಣದ ಪ್ರಶ್ನೆ. ನನ್ನನ್ನು ಇನ್ನೂ ಕಾಡಿದ ಸಂಗತಿ ಬೇರೊಂದಿತ್ತು. ಸಾಮಾನ್ಯವಾಗಿ ನೀರು ನಿಲ್ಲದ ಮಕ್ಕಿಗೇ ಬೆಂಕಿ ರೋಗ ಹೆಚ್ಚು. ಇಲ್ಲಿ ಅದು ತಲೆಕೆಳಗಾಗಿತ್ತು.

"ಎರಡು ದಿನ ತಡೀರಿ, ಮಕ್ಕಿಗೆ ಏನೂ ಹೊಡೀಬೇಡಿ" ಎಂದು ಹೇಳಿ ಎಲೆಗಳನ್ನು ಕಾಗದದ ಲಕೋಟೆಗೆ ಹಾಕಿಕೊಂಡು ಬಂದೆ.

ಪ್ರಯೋಗಾಲಯದಲ್ಲಿ ಮಾಡಿದ್ದು ಬಹಳ ಸರಳ ಪರೀಕ್ಷೆ. ಗಾಜಿನ ತಟ್ಟೆಯಲ್ಲಿ ಒದ್ದೆ ಒತ್ತುಕಾಗದ ಹಾಸಿ, ಎಲೆಯ ತುಂಡುಗಳನ್ನು ಇಟ್ಟು, ಮುಚ್ಚಿ, ಒಂದು ರಾತ್ರಿ ಬಿಟ್ಟೆ. ಶಿಲೀಂಧ್ರ ಬದುಕಿದ್ದರೆ ಆ ತೇವಕ್ಕೆ ಬೀಜಕಗಳನ್ನು ಬಿಡುತ್ತದೆ. ಬೆಳಿಗ್ಗೆ ಬೈಲಿನ ತುಂಡುಗಳ ಮೇಲೆ ಬೂದಿ ಬಣ್ಣದ ನವಿರಾದ ಬೂಸ್ಟು ಎದ್ದಿತ್ತು. ಸೂಜಿಯಲ್ಲಿ ಮುಟ್ಟಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಪೇರು ಹಣ್ಣಿನ ಆಕಾರದ, ಎರಡು ಅಡ್ಡಗೋಡೆಗಳಿಂದ ಮೂರು ಕೋಣೆಗಳಾದ ಬೀಜಕಗಳು ಕಂಡವು. ಮಕ್ಕಿಯ ಚುಕ್ಕೆಗಳ ಮೇಲೆ ಏನೂ ಇರಲಿಲ್ಲ. ಇನ್ನೊಂದು ರಾತ್ರಿ ಇಟ್ಟರೂ ಇಲ್ಲ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಬಳಸುವ 0ಯಿಂದ 9ರ ಅಳತೆಗೋಲಿನಲ್ಲಿ ಮಕ್ಕಿಗೆ 1 ಕೊಡಬಹುದಿತ್ತು, ಬೈಲಿಗೆ 6. ಒಂದೇ ಗಾಳಿ, ಒಂದೇ ಮಂಜು, ಕಂಟದ ಈಚೆ ಆಚೆ ಉದುರಿದ್ದು ಒಂದೇ ಬೀಜಕ. ಮಕ್ಕಿಯ ಎಲೆ ಅದನ್ನು ಒಳಗೆ ಬಿಟ್ಟುಕೊಂಡ ಜಾಗದಲ್ಲೇ ಮುಗಿಸಿತ್ತು.

ಈ ಹೋರಾಟ ಹೇಗೆ ನಡೆಯುತ್ತದೆ ಎನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕೃಷಿ ಇಲಾಖೆಯ ಕರಪತ್ರಗಳಲ್ಲಿ ಔಷಧಿಯ ಪ್ರಮಾಣ ಇರುತ್ತದೆ, ಎಲೆ ಏನು ಮಾಡುತ್ತದೆ ಎಂಬುದಕ್ಕೆ ಜಾಗವೇ ಇರುವುದಿಲ್ಲ. ಅದು ನನಗೆ ಬಹಳ ದಿನದಿಂದ ಇರುವ ಕೊರಗು.

ಮೊದಲ ರಾತ್ರಿ

ಬೀಜಕ ಎಲೆಯ ಮೇಲೆ ಬಿದ್ದ ಕೂಡಲೇ ತನ್ನ ತುದಿಯಿಂದ ಅಂಟು ಬಿಟ್ಟು ಕಚ್ಚಿಕೊಳ್ಳುತ್ತದೆ. ಎಲೆ ಒದ್ದೆಯಿದ್ದರೆ ಒಂದೆರಡು ಗಂಟೆಯಲ್ಲಿ ಮೊಳಕೆ. ಮೊಳಕೆಯ ತುದಿ ಊದಿಕೊಂಡು ಗುಮ್ಮಟದ ಆಕಾರದ ಒಂದು ಕೋಶವಾಗುತ್ತದೆ, ಇದಕ್ಕೆ ಅಪ್ರೆಸೋರಿಯಂ ಎಂದು ಹೆಸರು. ಗುಮ್ಮಟದ ಗೋಡೆಗೆ ಒಳಗಿನಿಂದ ಮೆಲನಿನ್ ಎಂಬ ಕಪ್ಪು ವಸ್ತುವಿನ ಗಾರೆ. ಒಳಗೆ ಗ್ಲಿಸರಾಲ್ ತುಂಬಿಕೊಳ್ಳುತ್ತದೆ. ಮೆಲನಿನ್ ಗಾರೆಯಿಂದ ಗ್ಲಿಸರಾಲ್ ಹೊರಗೆ ಸೋರುವುದಿಲ್ಲ, ನೀರು ಮಾತ್ರ ಒಳಗೆ ಬರುತ್ತಲೇ ಇರುತ್ತದೆ. ಒತ್ತಡ ಏರುತ್ತಾ ಏರುತ್ತಾ 8 ಮೆಗಾಪ್ಯಾಸ್ಕಲ್‌ವರೆಗೆ ಹೋಗುತ್ತದೆ, ಅಂದರೆ ಕಾರಿನ ಟೈರಿನಲ್ಲಿರುವ ಒತ್ತಡದ ಸುಮಾರು 40 ಪಟ್ಟು. ಆ ಒತ್ತಡವನ್ನೆಲ್ಲ ಒಂದು ಸೂಕ್ಷ್ಮ ಮೊಳೆಯ ತುದಿಗೆ ತಂದು ಎಲೆಯ ಹೊರಪದರವನ್ನು ಚುಚ್ಚುತ್ತದೆ. ಬೀಜಕ ಬಿದ್ದ ಹೊತ್ತಿನಿಂದ ಸುಮಾರು ಒಂದು ದಿನದ ಕೆಲಸ ಇದು.

ಒಳಗೆ ಹೊಕ್ಕ ಶಿಲೀಂಧ್ರ ತಕ್ಷಣ ಕೊಲ್ಲುವುದಿಲ್ಲ. ಮೊದಲ ಕೆಲವು ದಿನ ಅದಕ್ಕೆ ಬದುಕಿರುವ ಕೋಶ ಬೇಕು. ಒಂದು ಕೋಶದಿಂದ ಪಕ್ಕದ ಕೋಶಕ್ಕೆ ಸದ್ದಿಲ್ಲದೆ ಹರಡುತ್ತದೆ. ನಮ್ಮ ಕಣ್ಣಿಗೆ ಬೂದಿ ಮಚ್ಚೆ ಕಾಣುವ ಹೊತ್ತಿಗೆ ನಾಲ್ಕೈದು ದಿನ ಕಳೆದಿರುತ್ತದೆ. ರೈತ ನೋಡುವ ಮಚ್ಚೆ ಎಂದರೆ ಎಲೆ ಆಗಲೇ ಸೋತು ಮುಗಿದ ಜಾಗ.

ಆದರೆ ಎಲೆಗೆ ಸುಳಿವು ಸಿಗುವುದು ಬಹಳ ಮೊದಲೇ. ಆ ಸುಳಿವಿನ ಹೆಸರು ಕೈಟಿನ್.

ಎಂಟು ಮಣಿಯ ಸರ

ಏಡಿ, ಸಿಗಡಿಯ ಚಿಪ್ಪಿನಲ್ಲಿ, ಜಿರಳೆಯ ಮೈಗವಚದಲ್ಲಿ ಇರುವ ಗಟ್ಟಿ ವಸ್ತುವೇ ಕೈಟಿನ್. ಶಿಲೀಂಧ್ರಗಳ ಕೋಶಭಿತ್ತಿಯಲ್ಲೂ ಇದೇ ಇದೆ. ಗಿಡಗಳಲ್ಲಿ ಇಲ್ಲ. ಹಾಗಾಗಿ ಗಿಡದ ಮೈಮೇಲೆ ಕೈಟಿನ್ ಸಿಕ್ಕಿತೆಂದರೆ ಯಾರೋ ಹೊರಗಿನವರು ಬಂದಿದ್ದಾರೆ ಎಂದೇ ಅರ್ಥ. ಎಲೆಯ ಕೋಶಗಳ ನಡುವಿನ ರಸದಲ್ಲಿ ಕೈಟಿನೇಸ್ ಎಂಬ ಕಿಣ್ವಗಳು ಕಾದುಕೊಂಡಿರುತ್ತವೆ. ಅವು ಶಿಲೀಂಧ್ರದ ಗೋಡೆಯನ್ನು ಕತ್ತರಿಸುತ್ತವೆ, ಗೋಡೆಯಿಂದ ಚೂರುಗಳು ಉದುರುತ್ತವೆ. ಎಲೆ ಗುರುತಿಸುವುದು ಈ ಚೂರುಗಳನ್ನು.

ಎಷ್ಟು ಚೂರು ಬೇಕು? ಜಪಾನಿನ ನಾವೊಟೊ ಶಿಬುಯಾ ಅವರ ತಂಡ 1993ರಲ್ಲಿ ದ್ರಾವಣದಲ್ಲಿ ಬೆಳೆಸಿದ ಭತ್ತದ ಕೋಶಗಳಿಗೆ ಬೇರೆ ಬೇರೆ ಉದ್ದದ ಕೈಟಿನ್ ತುಣುಕು ಕೊಟ್ಟು ನೋಡಿತು. ಕೈಟಿನ್ ಎಂದರೆ ಒಂದೇ ಬಗೆಯ ಸಕ್ಕರೆ ಮಣಿಗಳನ್ನು ಪೋಣಿಸಿದ ಸರ. ಆರಕ್ಕಿಂತ ಹೆಚ್ಚು ಮಣಿಯ ಸರಕ್ಕೆ ಕೋಶಗಳು ಚೆನ್ನಾಗಿ ಎಚ್ಚೆತ್ತವು. ಅದೂ ನ್ಯಾನೋಮೋಲಾರ್ ಮಟ್ಟದಲ್ಲಿ. ಏಳು ಮಣಿಯ ತುಣುಕಿನಲ್ಲಿ ಇದರ ಲೆಕ್ಕ ಹಾಕಿದರೆ ಸಾವಿರ ಲೀಟರಿನ ನೀರಿನ ಟ್ಯಾಂಕಿಗೆ ಸುಮಾರು ಒಂದೂವರೆ ಮಿಲಿಗ್ರಾಂ. ಒಂದು ಭತ್ತದ ಕಾಳಿನ ತೂಕವೇ ಇಪ್ಪತ್ತು ಮಿಲಿಗ್ರಾಂ ಆಸುಪಾಸು ಇರುತ್ತದೆ. ಕಾಳಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ವಸ್ತುವನ್ನು ಒಂದು ಟ್ಯಾಂಕು ನೀರಿನಲ್ಲಿ ಕದಡಿದರೂ ಭತ್ತದ ಕೋಶಕ್ಕೆ ಗೊತ್ತಾಗುತ್ತದೆ. ಈ ಲೆಕ್ಕ ಹಾಕಿದಾಗಲೆಲ್ಲ ನನಗೆ ಗದ್ದೆಯಲ್ಲಿ ಸುಮ್ಮನೆ ನಿಂತಿರುವ ಪೈರಿನ ಮೇಲೆ ಗೌರವ ಹೆಚ್ಚುತ್ತದೆ.

ಈ ಚೂರನ್ನು ಹಿಡಿಯುವ ಗ್ರಾಹಕ ಪ್ರೋಟೀನನ್ನು ಹನಾಯೆ ಕಾಕು, ಶಿಬುಯಾ ಮತ್ತು ಸಂಗಡಿಗರು 2006ರಲ್ಲಿ ಭತ್ತದ ಕೋಶಪೊರೆಯಿಂದ ಬೇರ್ಪಡಿಸಿದರು. ಅದರ ಹೆಸರು ಸೆಬಿಪ್. ಅದು ಕೋಶದ ಹೊರಮೈಯಲ್ಲಿ ಕೈ ಚಾಚಿಕೊಂಡಿರುತ್ತದೆ, ಆದರೆ ಒಳಗೆ ಸುದ್ದಿ ಮುಟ್ಟಿಸುವ ಭಾಗ ಅದಕ್ಕಿಲ್ಲ. ಆ ಕೆಲಸಕ್ಕೆ ಸರ್ಕ್1 ಎಂಬ ಜೊತೆಗಾರ ಬೇಕು. ಇವೆರಡೂ ಕೂಡಿ ಕೆಲಸ ಮಾಡುತ್ತವೆ ಎಂಬುದು ಭತ್ತದಲ್ಲಿ 2010ರಲ್ಲಿ ಗೊತ್ತಾಯಿತು.

2014ರಲ್ಲಿ ಬಂದ ವಿವರವಂತೂ ಬಹಳ ಚಂದ. ಮಲ್ಲಿಗೆ ದಂಡೆ ಕಟ್ಟುವಾಗ ಒಂದು ಹೂವು ಈಚೆ ಮುಖ, ಮುಂದಿನದು ಆಚೆ ಮುಖ ಮಾಡಿ ಕಟ್ಟುತ್ತಾರಲ್ಲ, ಕೈಟಿನ್ ಸರದಲ್ಲಿ ಮಣಿಗಳು ಇರುವುದೂ ಹಾಗೇ. ಪ್ರತಿ ಮಣಿಗೂ ಅಸಿಟೈಲ್ ಎಂಬ ಒಂದು ಸಣ್ಣ ಗೊಂಡೆ ಇರುತ್ತದೆ. ಮಣಿಗಳು ಒಂದು ಬಿಟ್ಟು ಒಂದು ತಿರುಗಿರುವುದರಿಂದ ಗೊಂಡೆಗಳು ಸರದ ಎರಡೂ ಕಡೆಗೆ ಬೀಳುತ್ತವೆ. ಎಂಟು ಮಣಿಯ ಸರವಾದರೆ ಈ ಕಡೆಯ ಗೊಂಡೆಗಳನ್ನು ಒಂದು ಸೆಬಿಪ್ ಹಿಡಿಯುತ್ತದೆ, ಆ ಕಡೆಯವನ್ನು ಇನ್ನೊಂದು ಹಿಡಿಯುತ್ತದೆ. ಎರಡು ಸೆಬಿಪ್‌ಗಳು ಒಂದೇ ಸರಕ್ಕೆ ಎದುರುಬದುರು ಕೈ ಹಾಕಿ ಹತ್ತಿರ ಬಂದರೆ ಗಂಟೆ ಬಾರಿಸುತ್ತದೆ. ಸಂಶೋಧಕರು ಒಂದೇ ಕಡೆಗೆ ಗೊಂಡೆ ಇರುವ ಎಂಟು ಮಣಿಯ ಸರವನ್ನು ತಯಾರಿಸಿ ಕೊಟ್ಟು ನೋಡಿದರು. ಸೆಬಿಪ್ ಹಿಡಿದುಕೊಂಡಿತು, ಗಂಟೆ ಬಾರಿಸಲಿಲ್ಲ. ಅಷ್ಟೇ ಅಲ್ಲ, ನಿಜವಾದ ಸರ ಬಂದಾಗಲೂ ಅದು ಅಡ್ಡವಾಯಿತು.

ಗಂಟೆ ಬಾರಿಸಿದ ಮೇಲೆ ಎಲ್ಲವೂ ಬೇಗ ಬೇಗ. ಕೆಲವೇ ನಿಮಿಷಗಳಲ್ಲಿ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಪೊರೆಯ ಹೊರಗೆ ಹೈಡ್ರೋಜನ್ ಪೆರಾಕ್ಸೈಡ್ ಚಿಮ್ಮುತ್ತದೆ. ಅದು ಶತ್ರುವನ್ನೂ ಸುಡುತ್ತದೆ, ಸಸ್ಯದ ಗೋಡೆಯನ್ನೂ ಗಟ್ಟಿ ಮಾಡುತ್ತದೆ. ಗಂಟೆಗಳೊಳಗೆ ನೂರಾರು ಜೀನುಗಳು ಎಚ್ಚರಗೊಳ್ಳುತ್ತವೆ, ಇನ್ನಷ್ಟು ಕೈಟಿನೇಸ್ ತಯಾರಾಗುತ್ತದೆ. ಆಮೇಲೆ ಫೈಟೋಅಲೆಕ್ಸಿನ್‌ಗಳು, ಅಂದರೆ ಎಲೆ ತಾನೇ ಕುದಿಸಿಕೊಳ್ಳುವ ಕಷಾಯ. ಭತ್ತದಲ್ಲಿ ಅವುಗಳಲ್ಲಿ ಮುಖ್ಯವಾದದ್ದು ಮೊಮಿಲ್ಯಾಕ್ಟೋನ್. ಇದನ್ನು 1973ರಲ್ಲಿ ಮೊದಲು ಬೇರ್ಪಡಿಸಿದ್ದು ಭತ್ತದ ಹೊಟ್ಟಿನಿಂದ. ಹೆಸರಿನ ಮೊದಲ ಭಾಗವಾದ 'ಮೊಮಿ' ಬಂದದ್ದೂ ಜಪಾನಿ ಭಾಷೆಯ ಭತ್ತದಿಂದಲೇ. ಗೌಡರ ಕಣದಲ್ಲಿ ರಾಶಿ ಬಿದ್ದಿರುವ ಉಮಿಯಲ್ಲೂ ಅದು ಇದೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೊರಳುತ್ತೇನೆ. ಭತ್ತದ ಬೇರಿಗೆ ರಂಜಕ ತಂದುಕೊಡುವ ಮೈಕೊರೈಜಾ ಶಿಲೀಂಧ್ರಗಳಿಗೂ ಕೈಟಿನ್ ಗೋಡೆಯೇ ಇದೆ. ಅವು ತಾವು ಬಂದಿದ್ದೇವೆ ಎಂದು ತಿಳಿಸಲು ಹೊರಬಿಡುವ ವಸ್ತುಗಳಲ್ಲಿ ನಾಲ್ಕು, ಐದು ಮಣಿಯ ಚಿಕ್ಕ ಸರಗಳಿವೆ. ಆ ಗೆಳೆತನ ಕುದುರಲೂ ಅದೇ ಸರ್ಕ್1 ಬೇಕು. ಎಂಟು ಮಣಿಗೆ ಕದ ಹಾಕಲು ಕರೆ ಕೊಡುವ ಪ್ರೋಟೀನೇ ಅತಿಥಿಗೆ ಕದ ತೆಗೆಯುವಾಗಲೂ ಕೈಜೋಡಿಸುತ್ತದೆ. ಸಿಕ್ಕಸಿಕ್ಕ ಶಿಲೀಂಧ್ರನಾಶಕವನ್ನು ಮಣ್ಣಿಗೆ ಸುರಿಯುವವರು ಇದನ್ನೊಮ್ಮೆ ಯೋಚಿಸಬೇಕು ಎಂಬುದು ನನ್ನ ಮನಸ್ಸಿನ ಮಾತು.

ಹಾಗಾದರೆ ಬೈಲು ಸೋತದ್ದು ಯಾಕೆ?

ಸೆಬಿಪ್ ಮಕ್ಕಿಯ ತಳಿಗೆ ಮಾತ್ರ ಇದ್ದ ಆಸ್ತಿಯಲ್ಲ. ಬೈಲಿನ ಎಲೆಯಲ್ಲೂ ಇತ್ತು, ಅಲ್ಲೂ ಗಂಟೆ ಬಾರಿಸಬೇಕಿತ್ತು. ಬಾರಿಸದಂತೆ ಮಾಡುವುದರಲ್ಲಿ ಈ ಶಿಲೀಂಧ್ರ ಬಹಳ ನಿಪುಣ.

ಮೊದಲನೆಯದಾಗಿ ಅದು ಮುಸುಕು ಹಾಕಿಕೊಳ್ಳುತ್ತದೆ. ಎಲೆಯೊಳಗೆ ಹೋಗುವಾಗ ತನ್ನ ಕೈಟಿನ್ ಗೋಡೆಯ ಮೇಲೆ ಆಲ್ಫಾ-1,3-ಗ್ಲೂಕನ್ ಎಂಬ ಇನ್ನೊಂದು ಪದರ ಹೊದ್ದುಕೊಳ್ಳುತ್ತದೆ. ಭತ್ತದ ಬಳಿ ಇದನ್ನು ಕತ್ತರಿಸುವ ಕಿಣ್ವ ಇಲ್ಲ, ಕೆಳಗಿನ ಕೈಟಿನ್‌ಗೆ ಕೈಟಿನೇಸ್ ಮುಟ್ಟುವುದಿಲ್ಲ. ಜಪಾನಿನಲ್ಲಿ ಈ ಪದರ ತಯಾರಿಸಲಾಗದ ಶಿಲೀಂಧ್ರವನ್ನು ಮಾಡಿ ಭತ್ತಕ್ಕೆ ಬಿಟ್ಟಾಗ ಎಲೆ ಬೇಗನೆ ಎಚ್ಚೆತ್ತು ಅದನ್ನು ತಡೆದುಹಾಕಿತು.

ಮುಸುಕಿದ್ದರೂ ಒಂದಷ್ಟು ಚೂರು ಉದುರಿಯೇ ಉದುರುತ್ತದೆ. ಅದಕ್ಕೆ ಎರಡನೆಯ ಉಪಾಯ. ಶಿಲೀಂಧ್ರ ಸ್ಲ್ಪ್1 ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ಅದು ತನಗೂ ಎಲೆಯ ಕೋಶಪೊರೆಗೂ ನಡುವಿನ ಸಂದಿಯಲ್ಲಿ ನಿಂತು, ಉದುರಿದ ಕೈಟಿನ್ ಚೂರನ್ನು ಸೆಬಿಪ್ ಕೈಗೆ ಸಿಗುವ ಮೊದಲೇ ಬಾಚಿಕೊಳ್ಳುತ್ತದೆ. ಇಂಗ್ಲೆಂಡಿನ ನಿಕ್ ಟಾಲ್ಬಟ್ ಅವರ ತಂಡ 2012ರಲ್ಲಿ ಇದನ್ನು ತೋರಿಸಿದ ಬಗೆ ನನಗೆ ಬಹಳ ಮೆಚ್ಚುಗೆ. ಸ್ಲ್ಪ್1 ಜೀನನ್ನು ತೆಗೆದುಹಾಕಿದ ಶಿಲೀಂಧ್ರ ಭತ್ತದಲ್ಲಿ ಸೊರಗಿತು. ಇಷ್ಟೇ ಆಗಿದ್ದರೆ ಆ ಶಿಲೀಂಧ್ರಕ್ಕೇ ಏನೋ ನಿಶ್ಶಕ್ತಿ ಎನ್ನಬಹುದಿತ್ತು. ಅವರು ಅದೇ ಸೊರಗಿದ ಶಿಲೀಂಧ್ರವನ್ನು ಸೆಬಿಪ್ ಕೆಲಸ ಮಾಡದಂತೆ ಅಡಗಿಸಿದ ಭತ್ತಕ್ಕೆ ಹಾಕಿದರು. ಅಲ್ಲಿ ಅದು ಮತ್ತೆ ರೋಗ ತಂದಿತು. ಕಾವಲುಗಾರ ಇಲ್ಲದ ಮನೆಯಲ್ಲಿ ಚೂರು ಬಚ್ಚಿಡುವ ಅಗತ್ಯವೇ ಇಲ್ಲ. ಸ್ಲ್ಪ್1 ಇರುವುದು ಸೆಬಿಪ್ ಕಣ್ಣಿಗೆ ಮಣ್ಣೆರಚುವುದಕ್ಕೇ ಎಂದು ಅಲ್ಲಿಗೆ ಖಚಿತವಾಯಿತು.

ಇದಲ್ಲದೆ ಶಿಲೀಂಧ್ರದ ಸ್ವಂತ ಕೈಟಿನೇಸ್ ಒಂದು ಕೂಡ ಹೀಗೇ ಚೂರುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಭತ್ತದ ಒಂದು ಪ್ರೋಟೀನು ಆ ಕೈಟಿನೇಸನ್ನೇ ಹಿಡಿದುಹಾಕಿ ಚೂರುಗಳನ್ನು ಬಿಡಿಸಿಕೊಡುತ್ತದೆ ಎಂದು 2019ರಲ್ಲಿ ಗೊತ್ತಾಯಿತು. ಕದ್ದದ್ದನ್ನು ಕಸಿದುಕೊಳ್ಳುವುದು, ಕಸಿದದ್ದನ್ನು ಮತ್ತೆ ಕದಿಯುವುದು. ಕೂದಲೆಳೆಗಿಂತ ಸಣ್ಣ ಸಂದಿಯಲ್ಲಿ ಇದೆಲ್ಲ ನಡೆಯುತ್ತದೆ.

ಈ ಮೊದಲ ಸುತ್ತಿನಲ್ಲಿ ಶಿಲೀಂಧ್ರ ಎರಡೂ ಗದ್ದೆಯಲ್ಲಿ ಮೇಲುಗೈ ಪಡೆದು ಒಳಗೆ ಹೊಕ್ಕಿತ್ತು. ಮಕ್ಕಿಯಲ್ಲಿ ಚುಕ್ಕೆ ಬಂದಿರುವುದೇ ಅದಕ್ಕೆ ಗುರುತು. ಎರಡು ಗದ್ದೆಗಳ ದಾರಿ ಬೇರೆಯಾದದ್ದು ಎರಡನೆಯ ಸುತ್ತಿನಲ್ಲಿ.

ಒಳಹೊಕ್ಕ ಶಿಲೀಂಧ್ರ ಎಲೆಯ ಕೋಶದೊಳಗೂ ಹಲವು ಪ್ರೋಟೀನುಗಳನ್ನು ಕಳಿಸುತ್ತದೆ, ಎಚ್ಚರ ತಪ್ಪಿಸುವುದಕ್ಕೆ. ಕೆಲವು ತಳಿಗಳಲ್ಲಿ ಅವುಗಳಲ್ಲಿ ಒಂದನ್ನು ಗುರುತಿಸುವ ಒಳಗಿನ ಕಾವಲು ಜೀನು ಇರುತ್ತದೆ. ಪೈ-ಟಾ ಎಂಬುದು ಅಂಥದ್ದೊಂದು. ಬಾರ್ಬರಾ ವ್ಯಾಲೆಂಟ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದಂತೆ ಅದರ ಪ್ರೋಟೀನು ಶಿಲೀಂಧ್ರದ ಎವಿಆರ್-ಪೈಟಾ ಪ್ರೋಟೀನನ್ನು ಗುರುತಿಸುತ್ತದೆ. ರೋಗ ತಡೆಯುವ ಪೈ-ಟಾಕ್ಕೂ ತಡೆಯದ ಪೈ-ಟಾಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಅಮೈನೋ ಆಮ್ಲ. 918ನೆಯ ಜಾಗದಲ್ಲಿ ಅಲನಿನ್ ಇದ್ದರೆ ಗೆಲುವು, ಸೆರಿನ್ ಇದ್ದರೆ ಸೋಲು. ನಮ್ಮ ದೇಶದಲ್ಲಿ ಟಿ. ಆರ್. ಶರ್ಮಾ ಅವರ ತಂಡ ಟೆಟೆಪ್ ಎಂಬ ತಳಿಯಿಂದ 2005ರಲ್ಲಿ ಬೇರ್ಪಡಿಸಿದ ಇಂಥದೇ ಕಾವಲು ಜೀನು ಈಗ ಪೈ54 ಎಂದು ಹೆಸರಾಗಿದೆ.

ಒಳಗಿನ ಕಾವಲುಗಾರ ಗುರುತು ಹಿಡಿದ ಕೂಡಲೇ ಆ ಕೋಶ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ, ಜೊತೆಗೆ ಅಕ್ಕಪಕ್ಕದ ಕೆಲವು. ಬದುಕಿರುವ ಕೋಶದ ಮೇಲೆ ನಿಂತಿದ್ದ ಶಿಲೀಂಧ್ರಕ್ಕೆ ಸುತ್ತಲೂ ಸತ್ತ ಕೋಶ, ವಿಷ, ಗಟ್ಟಿಯಾದ ಗೋಡೆ. ಅಲ್ಲೇ ಮುಗಿಯುತ್ತದೆ. ಹೊರಗಿನಿಂದ ನೋಡುವವರಿಗೆ ಕಾಣುವುದು ಗುಂಡುಸೂಜಿಯ ತಲೆಯಷ್ಟು ಕಂದು ಚುಕ್ಕೆ. ಮಕ್ಕಿಯ ತಳಿಯಲ್ಲಿ ಅಂಥ ಕಾವಲು ಜೀನು ಇತ್ತು ಎಂಬುದಕ್ಕೆ ಬೂಸ್ಟು ಏಳದ ಆ ಚುಕ್ಕೆಗಳೇ ಸಾಕ್ಷಿ. ಗೌಡರು ಬೆಂಕಿ ಅಂದುಕೊಂಡದ್ದು ಬೆಂಕಿ ನಂದಿಸಿದ ಜಾಗ.

ಯೂರಿಯಾ ಮತ್ತು ನೆರಳು

ಎರಡನೆಯ ಸಲ ಹೋದಾಗ ಬೈಲನ್ನು ಸುತ್ತಿ ನೋಡಿದೆ. ತೋಟದ ನೆರಳು ಬೀಳುವ ಕಡೆ ರೋಗ ಅತಿ ಹೆಚ್ಚು, ಅಲ್ಲಿ ಹತ್ತೂವರೆಯಾದರೂ ಎಲೆಯ ಮೇಲೆ ಇಬ್ಬನಿ ಆರಿರಲಿಲ್ಲ. ಬೀಜಕಕ್ಕೆ ಬೇಕಾದದ್ದು ಅದೇ. ಆಚೆ ಮೂಲೆಯ ಒಂದು ತುಂಡಿನಲ್ಲಿ ಮಾತ್ರ ಪೈರು ಸ್ವಲ್ಪ ತಿಳಿ ಹಸಿರು, ಮಚ್ಚೆಯೂ ಕಡಿಮೆ.

"ಅಲ್ಲಿಗೆ ಎರಡನೇ ಸಲದ ಯೂರಿಯಾ ಸಾಕಾಗಲಿಲ್ಲ ಸಾರ್, ಚೀಲ ಖಾಲಿಯಾಯ್ತು" ಅಂದರು ಗೌಡರು. ಅಂದದ್ದೇ ತಡ, ತಾವೇ ಒಂದು ಗಳಿಗೆ ಸುಮ್ಮನಾದರು.

ಸಾರಜನಕ ಹೆಚ್ಚಾದ ಪೈರಿಗೆ ಬೆಂಕಿ ರೋಗ ಹೆಚ್ಚು ಎಂಬುದು ಹಳೆಯ, ಗಟ್ಟಿ ತಿಳಿವಳಿಕೆ. ಎಲೆ ದಟ್ಟವಾಗಿ ಬೆಳೆದು ತೇವ ಹಿಡಿದಿಡುತ್ತದೆ, ಅಂಗಾಂಶ ಮೆದುವಾಗುತ್ತದೆ, ಸಿಲಿಕಾ ಕಡಿಮೆಯಾಗಿ ಎಲೆಯ ಬಿರುಸು ಹೋಗುತ್ತದೆ. ಬೈಲಿನ ತಳಿಗೆ ಒಳಗಿನ ಕಾವಲಿಲ್ಲ, ಹೊರಗಿನ ಕಾವಲಿಗೆ ಮುಸುಕಿನ ಎದುರು ಕಷ್ಟ, ಅದರ ಮೇಲೆ ಹದಿನೈದು ದಿನದ ಅಂತರದಲ್ಲಿ ಎರಡು ಸಲ ಯೂರಿಯಾ, ಜೊತೆಗೆ ನೆರಳು. ಮಕ್ಕಿಗಿಂತ ಬೈಲು ಹೆಚ್ಚು ಸೋತ ಒಗಟು ಅಲ್ಲಿಗೆ ಬಿಡಿಸಿತು.

ಬೈಲಿಗೆ ಟ್ರೈಸೈಕ್ಲಜೋಲ್ ಲೀಟರಿಗೆ 0.6 ಗ್ರಾಂನಂತೆ ಹೊಡೆಯಲು ಹೇಳಿದೆ, ಯೂರಿಯಾ ನಿಲ್ಲಿಸಲು ಹೇಳಿದೆ. ಈ ಔಷಧಿ ಏನು ಮಾಡುತ್ತದೆ ಎಂಬುದನ್ನೂ ಹೇಳಿದೆ, ಯಾಕೆಂದರೆ ಅದು ಗೊತ್ತಿದ್ದರೆ ಹೊಡೆಯುವ ಹೊತ್ತು ತಪ್ಪುವುದಿಲ್ಲ. ಅದು ಮೆಲನಿನ್ ಆಗದಂತೆ ತಡೆಯುತ್ತದೆ. ಗಾರೆಯಿಲ್ಲದ ಗುಮ್ಮಟದಲ್ಲಿ ಒತ್ತಡ ನಿಲ್ಲುವುದಿಲ್ಲ, ಶಿಲೀಂಧ್ರ ಎಲೆಯನ್ನು ಚುಚ್ಚಲಾರದು. ಆಗಲೇ ಒಳಗೆ ಹೊಕ್ಕದ್ದಕ್ಕೆ ಇದರಿಂದ ಹೆಚ್ಚೇನೂ ಆಗುವುದಿಲ್ಲ. ಹಾಗಾಗಿ ಹಳೆಯ ಮಚ್ಚೆ ಹಾಗೇ ಉಳಿಯುತ್ತದೆ, ಹೊಸ ಎಲೆ ಶುದ್ಧವಾಗಿ ಬಂದರೆ ಔಷಧಿ ಕೆಲಸ ಮಾಡಿತು ಎಂದು ತಿಳಿಯಬೇಕು.

ಗೌಡರು ಒಳಗಿನಿಂದ ಒಂದು ಬಾಟಲಿ ತಂದು ತೋರಿಸಿದರು. ಕೈಟೋಸಾನ್ ದ್ರಾವಣ, ಗಿಡದ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದು ಅಂಗಡಿಯವರು ಕೊಟ್ಟದ್ದು. "ಇದನ್ನ ಹೊಡೆದರೆ ಸಾಲದಾ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಕೈಟಿನ್ ತುಣುಕುಗಳನ್ನು ಮೊದಲೇ ಕೊಟ್ಟ ಭತ್ತದಲ್ಲಿ ಬೆಂಕಿ ರೋಗ ತಗ್ಗಿದ್ದನ್ನು ಜಪಾನಿನ ಪ್ರಯೋಗಗಳು ತೋರಿಸಿವೆ. ಆದರೆ ಕೈಟೋಸಾನ್ ಎಂದರೆ ಅಸಿಟೈಲ್ ಗೊಂಡೆ ಕಿತ್ತ ಕೈಟಿನ್. ಸೆಬಿಪ್ ಹಿಡಿಯುವುದೇ ಆ ಗೊಂಡೆಗಳನ್ನು. 1993ರ ಪ್ರಯೋಗದಲ್ಲಿ ಗೊಂಡೆಯಿಲ್ಲದ ತುಣುಕಿಗೆ ಭತ್ತದ ಕೋಶಗಳು ಹೆಚ್ಚುಕಡಿಮೆ ಸ್ಪಂದಿಸಲೇ ಇಲ್ಲ. ಕೈಟೋಸಾನ್ ಬೇರೆ ದಾರಿಯಲ್ಲಿ ಒಂದಿಷ್ಟು ಉಪಕಾರ ಮಾಡಬಹುದು, ಆದರೆ ರೋಗ ಹೊತ್ತಿ ಉರಿಯುವಾಗ ಅದನ್ನು ನಂಬಿ ಕೂರುವಂತಿಲ್ಲ. ಎಲೆಯನ್ನು ಎಚ್ಚರಿಸುವ ಮದ್ದು ಯಾವುದೇ ಇರಲಿ, ಅದು ಶತ್ರು ಬರುವ ಮುಂಚೆ ಕೊಡಬೇಕಾದದ್ದು. ಜಪಾನಿನ ರೈತರು 1970ರ ದಶಕದಿಂದ ಬಳಸುತ್ತಿರುವ ಪ್ರೊಬೆನಜೋಲ್ ಎಂಬ ಮದ್ದು ಮುಖ್ಯವಾಗಿ ಪೈರಿನ ರಕ್ಷಣೆಯನ್ನೇ ಎಬ್ಬಿಸುತ್ತದೆ. ಅದನ್ನು ಕೊಡುವುದು ರೋಗಕ್ಕೆ ಮುಂಚೆ. ಬಾಟಲಿಯನ್ನು ಮುಂದಿನ ವರ್ಷದ ಸಸಿಮಡಿಯ ಒಂದು ಭಾಗಕ್ಕೆ ಮಾತ್ರ ಹಾಕಿ, ಹಾಕದ ಭಾಗದ ಜೊತೆ ಹೋಲಿಸಿ ನೋಡೋಣ ಎಂದು ಮಾತಾಯಿತು.

ಮಕ್ಕಿಗೆ ಏನೂ ಹೊಡೆಯಲಿಲ್ಲ. ಬೈಲಿಗೆ ಹೊಡೆ ಬರುವಾಗ ಇನ್ನೊಂದು ಸಲ ಕೊಟ್ಟೆವು, ಕುತ್ತಿಗೆ ಬೆಂಕಿಯ ಭಯಕ್ಕೆ. ಕೊಯ್ಲಿನ ಹೊತ್ತಿಗೆ ತೋಟದ ಅಂಚಿನಲ್ಲಿ ಅಲ್ಲಲ್ಲಿ ಬಿಳಿ ತೆನೆ ನಿಂತಿದ್ದವು, ಉಳಿದದ್ದು ಕೈಗೆ ಬಂತು. ಮಕ್ಕಿಯ ತೆನೆಯಲ್ಲಿ ಕುತ್ತಿಗೆ ಕಪ್ಪಾದದ್ದು ನನಗೆ ಒಂದೂ ಸಿಗಲಿಲ್ಲ.

ಮರುವರ್ಷ

ಮರುವರ್ಷ ಆಗಸ್ಟ್ ಕೊನೆಗೆ ನಾನೇ ಹೋದೆ. ಗೌಡರು ಬೈಲಿಗೂ ಮಕ್ಕಿಯ ಬೀಜವನ್ನೇ ಹಾಕಿದ್ದರು. ಖುಷಿಯಲ್ಲಿದ್ದರು, "ಈ ಸಲ ಬರೀ ಚುಕ್ಕೆ ಸಾರ್, ನೋಡಿ" ಎಂದು ಎಲೆ ತಿರುಗಿಸಿ ತಿರುಗಿಸಿ ತೋರಿಸಿದರು. ನಿಜ, ಚುಕ್ಕೆಗಳೇ. ಆದರೆ ಬೈಲಿನ ನೆರಳಿನ ಅಂಚಿನಲ್ಲಿ, ಮೂರು ಬುಡಗಳಲ್ಲಿ, ಚುಕ್ಕೆಗಳ ನಡುವೆ ಒಂದೊಂದು ಮಚ್ಚೆ ಉದ್ದವಾಗಿತ್ತು. ನಡುವೆ ಅಕ್ಕಿ ಕಾಳಿನಷ್ಟು ಜಾಗ ಬೂದಿ ಬಣ್ಣಕ್ಕೆ ತಿರುಗಿತ್ತು.

ಆ ಎಲೆಗಳನ್ನು ಒದ್ದೆ ಕಾಗದದ ಮೇಲಿಟ್ಟು ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಒಳಗಿನ ಕಾವಲು ಜೀನು ಗುರುತಿಸುವುದು ಶಿಲೀಂಧ್ರದ ಒಂದೇ ಒಂದು ಪ್ರೋಟೀನನ್ನು. ಆ ಪ್ರೋಟೀನು ಬದಲಾದರೆ, ಇಲ್ಲವೇ ಶಿಲೀಂಧ್ರ ಅದನ್ನು ಕಳೆದುಕೊಂಡರೆ, ಕಾವಲುಗಾರನ ಎದುರೇ ದಾಟಿ ಹೋಗಬಹುದು. ಕೈಟಿನ್‌ನ ಮಾತು ಬೇರೆ. ಗೋಡೆಯನ್ನೇ ಬಿಟ್ಟು ಈ ಶಿಲೀಂಧ್ರ ಬದುಕಲಾರದು, ಮುಚ್ಚಿಡಬಹುದು ಅಷ್ಟೇ. ಒಂದೇ ಜೀನಿನ ಬಲದ ತಳಿಯನ್ನು ದೊಡ್ಡ ವಿಸ್ತಾರದಲ್ಲಿ ಬೆಳೆದಷ್ಟೂ ದಾಟಿದ ಶಿಲೀಂಧ್ರಕ್ಕೆ ಮೇಯಲು ಜಾಗ ಹೆಚ್ಚು. ಬೈಲಿಗೂ ಇದೇ ಬೀಜ ಹಾಕಿ ಎಂದು ನಾನು ಹೇಳಿರಲಿಲ್ಲ, ಆದರೆ ಹಾಕಬೇಡಿ ಎಂದೂ ಹೇಳಿರಲಿಲ್ಲ. ಹೇಳಬೇಕಿತ್ತು.

ಬೆಳಿಗ್ಗೆ ಮೂರರಲ್ಲಿ ಎರಡು ತುಂಡಿನ ಮೇಲೆ ಬೂಸ್ಟು ಎದ್ದಿತ್ತು. ಪೇರು ಹಣ್ಣಿನ ಆಕಾರ, ಮೂರು ಕೋಣೆ.

ಆ ದಿನವೇ ಹೋಗಿ ಆ ಮೂರು ಬುಡಗಳನ್ನೂ ಸುತ್ತಲಿನ ಒಂದು ಮಾರು ಜಾಗದ ಪೈರನ್ನೂ ಕಿತ್ತು ಸುಟ್ಟೆವು. ಆ ಅಂಚಿಗೆ ಮಾತ್ರ ಔಷಧಿ ಕೊಟ್ಟೆವು. ಆಮೇಲೆ ಜಗಲಿಯಲ್ಲಿ ಕೂತು ಗೌಡರಿಗೆ ಚೀನಾದ ಯುನ್ನಾನ್ ಪ್ರಾಂತ್ಯದ ವಿಷಯ ಹೇಳಿದೆ. ಅಲ್ಲಿ 1998 ಮತ್ತು 1999ರಲ್ಲಿ ರೈತರು ರೋಗಕ್ಕೆ ಬೇಗ ತುತ್ತಾಗುವ ಅಂಟಕ್ಕಿ ಭತ್ತವನ್ನು ರೋಗ ತಡೆಯುವ ಹೈಬ್ರಿಡ್ ಸಾಲುಗಳ ನಡುವೆ ಬೆರೆಸಿ ನೆಟ್ಟರು. ಅಂಟಕ್ಕಿ ಒಂದನ್ನೇ ಬೆಳೆದ ಗದ್ದೆಗೆ ಹೋಲಿಸಿದರೆ ಅದರಲ್ಲಿ ಬೆಂಕಿ ರೋಗದ ತೀವ್ರತೆ 94% ಕಡಿಮೆಯಾಯಿತು, ಅಂಟಕ್ಕಿಯ ಇಳುವರಿ 89% ಹೆಚ್ಚಿತು. ಗೌಡರು ಕವಳ ಹಾಕಿಕೊಂಡು ಬಹಳ ಹೊತ್ತು ಬೈಲಿನ ಕಡೆ ನೋಡಿದರು.

"ಅಪ್ಪ ಮಕ್ಕಿಯಲ್ಲಿ ಎರಡು ಬೀಜ ಬೆಳೀತಿದ್ದರು ಸಾರ್. ಇನ್ನೊಂದು ಕೆಂಪಕ್ಕಿದು. ಬೆರೆತು ಹೋಗ್ತದೆ ಅಂತ ನಾನೇ ಬಿಟ್ಟದ್ದು. ದಾಯಾದಿಗಳ ಮನೇಲಿ ಇನ್ನೂ ಇರಬೇಕು, ಕೇಳ್ತೇನೆ."